ಕಾಂಪೌಂಡರ ಡಿ ಡ್ರೈವ್

ನನಗೆ ಮುದುಕರ ಹತ್ತಿರ ತಾಳ್ಮೆ ಇಲ್ಲ. ಮೌಸನ್ನು ಎತ್ತಿ ಹಿಡಿದು ಟಿವಿ ರಿಮೋಟಿನ ಹಾಗೆ ಪರದೆಗೆ ತೋರಿಸುವವರು, ಪಾಸ್‌ವರ್ಡನ್ನು ಪಂಚಾಂಗದ ಹಿಂದೆ ಬರೆದಿಟ್ಟು ಪಂಚಾಂಗವನ್ನೇ ಕಳೆದುಕೊಳ್ಳುವವರು, ಇಂಥವರನ್ನೆಲ್ಲ ಚಿತ್ರದುರ್ಗದ ನನ್ನ ರಿಪೇರಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಬೈದುಕೊಂಡೇ ಹೊಟ್ಟೆ ಹೊರೆದಿದ್ದೇನೆ. ಬೈದರೂ ಬರುತ್ತಾರೆ. ನನಗೆ ಕೆಲಸ ಗೊತ್ತು, ಅದು ಅವರಿಗೂ ಗೊತ್ತು, ನನ್ನ ಸೊಕ್ಕಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ ಹೊಸದುರ್ಗದಿಂದ ಒಬ್ಬರು ಫೋನ್ ಮಾಡಿದರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರಂತೆ. "ಡಾಸ್ ಕಂಪ್ಯೂಟರ್ ಐತೆ ಸರ್. ಪೆನ್ ಡ್ರೈವ್ ಹಾಕಿದ್ರೆ ತಗಳಲ್ಲ" ಎಂದರು.

"ಎತ್ತಿನ ಗಾಡಿಗೆ ಪೆಟ್ರೋಲ್ ಹಾಕಕ್ಕೆ ಹೊಂಟೀರೇನ್ರಿ?" ಎಂದು ಗಟ್ಟಿಯಾಗಿ ನಕ್ಕೆ. ಅವರೂ ನಕ್ಕರು. ಹಾಗೆ ನಗಬಾರದಿತ್ತು ಅವರು. ನನಗೆ ಇನ್ನಷ್ಟು ಸದರವಾಯಿತು.

ಆದರೂ ಭಾನುವಾರ ಬೈಕು ಹತ್ತಿ ಹೋದೆ. ಕರುಣೆಯಿಂದಲ್ಲ. ಡಾಸ್ ಅಂದರೆ ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಕುಟ್ಟಬೇಕಾದ ಕಾಲದ್ದು. ಪೆನ್ ಡ್ರೈವ್ ಹುಟ್ಟುವ ಮೊದಲೇ ಮುದಿಯಾದದ್ದು. ಅದಕ್ಕೆ ಪೆನ್ ಡ್ರೈವಿನ ಗುರುತು ಹಿಡಿಸುವ ಕೆಲಸ ಈ ಜಿಲ್ಲೆಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಬರುವುದಿಲ್ಲ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಳ್ಳಬೇಕಿತ್ತು.

ಹಣೆಯ ತುಂಬ ಮೂರೆಳೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಹೆಗಲಿಗೊಂದು ಟವೆಲು, ಹೀಗಿದ್ದರು ಅವರು. ಕಂಪ್ಯೂಟರಿನ ಮೇಲೂ ಮೂರೆಳೆ ಇತ್ತು. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಅದಕ್ಕೂ ಎಳೆದು ಆಮೇಲೆಯೇ ಸ್ವಿಚ್ ಹಾಕುತ್ತಿದ್ದರಂತೆ. "ಅನ್ನದಷ್ಟೇ ಇದೂನೂ ಸರ್ ನಂಗೆ" ಎಂದರು.

ಅದರೊಳಗೆ ಇದ್ದದ್ದು ಕುರಿಗಳ ಔಷಧ. ಧರ್ಮಪುರದ ಕಡೆ ಕೆಲಸದಲ್ಲಿದ್ದಾಗಿನಿಂದ ಹಟ್ಟಿ ಹಟ್ಟಿ ತಿರುಗಿ, ಕುರಿ ಕಾಯುವವರು ಯಾವ ಬೇನೆಗೆ ಯಾವ ಸೊಪ್ಪು, ಯಾವ ಹೊತ್ತಿನಲ್ಲಿ, ಎಷ್ಟು ಹಿಡಿ ಎಂದು ಹೇಳಿದ್ದನ್ನೆಲ್ಲ ಔಷಧದ ಡಬ್ಬಿಯ ರಟ್ಟಿನ ಮೇಲೆ ಬರೆದು ತಂದು, ರಾತ್ರಿ ಟೈಪ್ ಮಾಡುತ್ತಿದ್ದರು. ಟೈಪಾದ ರಟ್ಟು ಬಚ್ಚಲ ಒಲೆಗೆ. ಹೇಳಿದವರಲ್ಲಿ ಮುಕ್ಕಾಲು ಜನ ಈಗ ಮಣ್ಣಾಗಿದ್ದರು. ನಕಲು ಇಟ್ಟಿದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ದುರ್ಗದ ಪ್ರೆಸ್ಸಿನವನೊಬ್ಬ ಪುಸ್ತಕ ಮಾಡಿಕೊಡುತ್ತೇನೆ, ಪೆನ್ ಡ್ರೈವಿನಲ್ಲಿ ತನ್ನಿ ಎಂದಿದ್ದನಂತೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ: ಇದರಿಂದ ಅದಕ್ಕೆ.

ಡಿಸ್ಕ್ ಬಿಚ್ಚಿ ಅಂಗಡಿಗೆ ತಂದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನು ಬಂತು? ನನ್ನ ಫ್ಲಾಪಿಯಲ್ಲಿ ತಂದಿದ್ದ ಡ್ರೈವರುಗಳನ್ನು ಯಂತ್ರಕ್ಕೆ ಹಾಕಿದೆ. ಶುರುವಾಗುವಾಗ ಡಾಸ್ ಓದುವ ಕಡತದಲ್ಲಿ ಎರಡು ಸಾಲು ಸೇರಿಸಿ ಮತ್ತೆ ಚಾಲೂ ಮಾಡಿದೆ. ಎರಡು ಸಲ ಗರಬಡಿದಂತೆ ನಿಂತುಬಿಟ್ಟಿತು. ಮೂರನೇ ಸಲ ಪೆನ್ ಡ್ರೈವ್ ಸಿಕ್ಕಿತೆಂದು ತೋರಿಸಿತು. ಅದಕ್ಕೆ ಯಾವ ಅಕ್ಷರ ಕೊಟ್ಟಿತೆಂಬ ಸಾಲು ಸರ್ರನೆ ಮೇಲೆ ಹೋಯಿತು. ನಾನು ಓದಲಿಲ್ಲ. ಹಳೆಯ ಯಂತ್ರದಲ್ಲಿ ಇರುವ ಡ್ರೈವ್ ಸಿ ಒಂದೇ, ಹೊಸದಾಗಿ ಬಂದದ್ದು ಡಿ, ಇದರಲ್ಲಿ ಓದುವುದೇನಿದೆ?

ಈಗಿನ ಪೆನ್ ಡ್ರೈವಿನ ಬರಹ ಹಳೆಯ ಡಾಸಿಗೆ ತಿಳಿಯುವುದಿಲ್ಲ. ಅದನ್ನು ಡಾಸ್ ರೀತಿಯಲ್ಲೇ ಫಾರ್ಮ್ಯಾಟ್ ಮಾಡಬೇಕು, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹದ ಮಾಡಬೇಕು. ಫಾರ್ಮ್ಯಾಟ್ ಡಿ ಎಂದು ಕುಟ್ಟಿದೆ.

ಹಿಂದೆ ನಿಂತಿದ್ದವರು ಬಗ್ಗಿ ನೋಡಿದರು. "ಸರ್, ಡಿ ಒಳಗೆ ನಂದೈತಲ್ರೀ" ಎಂದರು, ಮೆಲ್ಲಗೆ.

"ಕಾಂಪೌಂಡ್ರೇ, ನೀವು ಕುರಿಗೆ ಸೂಜಿ ಹಾಕುವಾಗ ನಾ ಬಂದು ಹೇಳ್ಕೊಟ್ಟಿದ್ನಾ? ಸುಮ್ನೆ ಕುಂತ್ಕಳ್ರಿ."

ಅವರು ಕುಂತರು. ಪರದೆಯೂ ಹೇಳಿತು: ಇದು ತೆಗೆಯಲು ಬರುವ ಡಿಸ್ಕಲ್ಲ, ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ? ವೈ ಒತ್ತಿದೆ. ಫಾರ್ಮ್ಯಾಟನ್ನು ಹಿಂದೆಗೆಯುವುದಕ್ಕೆ ಬೇಕಾದ ಮಾಹಿತಿ ಉಳಿಸಿಡುತ್ತಿದ್ದೇನೆ ಎಂದು ಇನ್ನೊಂದು ಸಾಲು ಬಂತು. ಅದನ್ನು ಕಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಪೆನ್ ಡ್ರೈವಿನ ದೀಪ ಮಿನುಗುತ್ತಿರಲಿಲ್ಲ. ಕ್ಯಾಬಿನೆಟ್ಟಿನ ಮೇಲೆ ಒಳಗಿನ ಡಿಸ್ಕಿನ ಕೆಂಪು ದೀಪ ಮಿನುಗುತ್ತಿತ್ತು. ಅದು ನಿಂತ ಮೇಲೆ ಡಿ, ಇ ಎರಡನ್ನೂ ತೆರೆದು ನೋಡಿದೆ.

ಡಿ ಅವರದೇ ಆಗಿತ್ತು, ಅದೇ ಡಿಸ್ಕಿನ ಎರಡನೆಯ ಭಾಗ. ಪೆನ್ ಡ್ರೈವ್ ಇ ಆಗಿ ಕೂತಿತ್ತು. ಡಿಯಲ್ಲಿ ಈಗ ಒಂದು ಕಡತವೂ ಇರಲಿಲ್ಲ.

ಆಗ ನಾನು ಹೇಳಬಹುದಿತ್ತು. ಹೇಳುವ ಬದಲು ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಬೆಳ್ಳಗೆ ಧೂಳು ಕೂತಿತ್ತು. ಬೆರಳಲ್ಲಿ ಒರೆಸಿ ಅವರ ಮುಖದ ಮುಂದೆ ಹಿಡಿದೆ.

"ಏನ್ರೀ ಇದು?"

"ವಿಭೂತಿ ಸರ್."

"ಇದೇ ಡಿಸ್ಕನ್ನ ತಿಂದು ಹಾಕೈತೆ. ದಿನಾ ಬೂದಿ ಸುರಿದ್ರೆ ಏನ್ ಉಳೀತೈತ್ರಿ? ನಿಮ್ಮ ಕೈಯಾರೆ ಕೊಂದೀರಿ."

ಹಾರ್ಡ್ ಡಿಸ್ಕಿನ ಒಳಗೆ ವಿಭೂತಿ ಹೋಗುವುದಿಲ್ಲ. ಇದು ನನಗೆ ಗೊತ್ತಿರುವಷ್ಟು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ಕಂಪ್ಯೂಟರಿನ ಮೂರೆಳೆಯನ್ನು ಒರೆಸಿದರು. ಒಂದು ಕಲೆಯೂ ಉಳಿಯದ ಹಾಗೆ ಒರೆಸಿದರು. ಆಮೇಲೆ ನನಗೆ ಊಟ ಮಾಡಿಕೊಂಡು ಹೋಗಿ ಎಂದರು. ಮಾಡಿದೆ. ಮುದ್ದೆ, ಬಸ್ಸಾರು.

ಡಿಸ್ಕನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದೆ. ಇನ್ನೊಬ್ಬ ರಿಪೇರಿಯವನ ಕೈಗೆ ಸಿಕ್ಕರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅಂಗಡಿಯ ಹಿಂದೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಪುಡಿಯಾಗುವ ತನಕ ಬಡಿದೆ.

ಕೆಲವು ತಿಂಗಳಾದ ಮೇಲೆ ಹೊಳಲ್ಕೆರೆಯಿಂದ ಅಂಥದೇ ಒಂದು ಯಂತ್ರ ಬಂತು. ಫಾರ್ಮ್ಯಾಟ್ ಕೊಟ್ಟಾಗ ಅದೇ ಸಾಲು ಪರದೆಯ ಮೇಲೆ ಬಂತು, ಈ ಸಲ ಓದಿದೆ. ಹುಡುಕಿ ನೋಡಿದೆ. ಫಾರ್ಮ್ಯಾಟನ್ನು ಹಿಂದೆಗೆಯಲು ಡಾಸಿನಲ್ಲಿ ಒಂದೇ ಪದದ ಆಜ್ಞೆ ಇತ್ತು. ಆ ಹೊತ್ತು ತಪ್ಪಾಯಿತು ಎಂದಿದ್ದರೆ, ನಾಚಿಕೆ ಬಿಟ್ಟು ಯಾರನ್ನಾದರೂ ಕೇಳಿದ್ದರೆ, ಸಂಜೆಯೊಳಗೆ ಕುರಿಗಳ ಔಷಧವೆಲ್ಲ ವಾಪಸು ಬರುತ್ತಿತ್ತು. ಹಾಳು ಮಾಡಿದ್ದು ನನ್ನ ತಪ್ಪಲ್ಲ, ನನ್ನ ಸುಳ್ಳು. ಅವತ್ತು ಅಂಗಡಿಗೆ ಬಂದವರನ್ನೆಲ್ಲ ವಿನಾಕಾರಣ ಬೈದೆ.

ಮೊನ್ನೆ ಅವರು ಬಂದಿದ್ದರು. ಬಾಗಿಲ ಹೊರಗೆ ಬಿಸಿಲಲ್ಲಿ ನಿಂತಿದ್ದವರ ಗುರುತೇ ಸಿಗಲಿಲ್ಲ ನನಗೆ. ಹಣೆ ಬೋಳಾಗಿತ್ತು.

"ಬರ್ರಿ ಒಳಗೆ."

"ಬ್ಯಾಡ ಸರ್, ಒಳಗೆ ಮಿಷನ್ ಅವೆ. ಹಚ್ಚೋದು ಬಿಟ್ಟು ವರ್ಷಾತು. ಆದ್ರೂ ಬಟ್ಟೇಲಿ ಎಲ್ಲಾದ್ರೂ ಇದ್ದೀತು."

ಟವೆಲಿನಲ್ಲಿ ಸುತ್ತಿದ್ದ ಒಂದು ನೋಟ್‌ಬುಕ್ ತೆಗೆದರು. ನೆನಪಿಗೆ ಬಂದಷ್ಟನ್ನು ಮತ್ತೆ ಬರೆದಿದ್ದರು. ಹನ್ನೊಂದು ಔಷಧ. ಮೊದಲನೆಯದು, ಗಾಯದಲ್ಲಿ ಹುಳ ಬಿದ್ದರೆ ಸೀತಾಫಲದ ಎಲೆ ಅರೆದು ತುಂಬುವುದು. ಅದು ದುರ್ಗದಲ್ಲಿ ಮಕ್ಕಳಿಗೂ ಗೊತ್ತು. ಕೊನೆಯದರಲ್ಲಿ ಸೊಪ್ಪಿನ ಹೆಸರಿನ ಜಾಗ ಖಾಲಿ ಇತ್ತು.

"ಇಷ್ಟೇ ಬಂದಾವೆ. ಟೈಪ್ ಮಾಡಿ ಪೆನ್ ಡ್ರೈವಿಗೆ ಹಾಕ್ಕೊಡ್ರಿ ಸರ್. ನಾನಂತೂ ಮುಟ್ಟಲ್ಲ."

ಕೈ ಚಾಚಿ ತೆಗೆದುಕೊಂಡೆ. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಟವೆಲನ್ನು ನನ್ನ ಕಡೆ ನೀಡಿದರು.

"ಕೈ ಒರೆಸ್ಕಳ್ರಿ ಸರ್, ಮಿಷನ್ ಮುಟ್ಟೋಕೆ ಮುಂಚೆ."

ನಾನು ಒರೆಸಿಕೊಂಡೆ.