ಗಣಿ ದಿಬ್ಬದ ಮೇಲೆ ನಾನು ಕಿತ್ತ ಹುಲ್ಲು

ಹೊಸದುರ್ಗದ ಕಡೆಯ ಹಳೇ ಗಣಿಯ ಮಣ್ಣುದಿಬ್ಬದ ಮೇಲೆ ಕೂತಿದ್ದೇನೆ. ಇಲ್ಲಿ ಮತ್ತೆ ಕಾಡು ಎಬ್ಬಿಸುವ ಕೆಲಸವನ್ನು ನೋಡಿಕೊಳ್ಳುವವಳು ನನ್ನ ಮೊಮ್ಮಗಳು ಸುಮಾ. ಆಳುಗಳು ಅವಳ ಮಾತು ಕೇಳುವುದನ್ನು ಕಂಡೇ ನನ್ನ ಹೊಟ್ಟೆ ತುಂಬಿತು.

ಅವಳು ನೀರಿನ ಟ್ಯಾಂಕರ್ ಹತ್ತಿರ ಹೋದಾಗ ನನ್ನ ಕೈ ಸುಮ್ಮನಿರಲಿಲ್ಲ. ಕಮರ ಮರದ ಸಸಿಗಳ ನಡುವೆ ಹುಲ್ಲು ಎದ್ದಿತ್ತು. ಹೊಲದಲ್ಲೇ ಬೆಳೆದವಳು ನಾನು, ಕೂತು ಒಂದು ಸಾಲು ಪೂರಾ ಕಿತ್ತುಬಿಟ್ಟೆ.

"ಅಯ್ಯೋ ಅಜ್ಜೀ, ಏನ್ ಮಾಡ್ದೆ!" ಸುಮಾ ಓಡಿ ಬಂದಳು. "ಅದು ಕಳೆ ಅಲ್ಲ, ಕರಡದ ಹುಲ್ಲು. ಬೀಜ ಎರಚಿ ನಾವೇ ಬೆಳೆಸಿರೋದು. ಮಳೆ ಬಂದ್ರೆ ಈ ಸಡ್ಲ ಮಣ್ಣು ಹಿಡ್ಕಳೋದು ಅದೊಂದೇ. ಇಲ್ಲಾಂದ್ರೆ ಸಸಿ ಸಮೇತ ಕೆಳಗಿನ ಕೆರೆಗೆ ಹೋಗ್ತೈತೆ."

ಕೆಲಸದ ಗೌರಕ್ಕ ನಕ್ಕಳು: "ಇನ್ನೊಂದು ಗಳಿಗೆ ಬಿಟ್ಟಿದ್ರೆ ನಿಮ್ಮಜ್ಜಿ ಗುಡ್ಡಾನೇ ಬೋಳಿಸ್ತಿದ್ರು!"

ಕಿತ್ತ ಬುಡ ಎತ್ತಿ ನೋಡಿದೆ. ಗೇಣುದ್ದದ ಹುಲ್ಲಿಗೆ ಮೊಳದುದ್ದದ ಬೇರು! ಅದರ ತುಂಬಾ ಕೆಂಪು ಮಣ್ಣು ಕಚ್ಚಿಕೊಂಡಿತ್ತು. ಮೇಲೆ ಮೋಡ ಕಟ್ಟುತ್ತಿತ್ತು.

"ಹೋಗ್ಲಿ ಬಿಡಜ್ಜಿ, ಊರಿಗೆ ಹೋಗೋ ರಾಮಗಿರಿ ಬಸ್ಸಿಗೆ ಹೊತ್ತಾಯ್ತು. ಹೋಗಾಣ."

"ಬಸ್ಸು ನಾಳೆನೂ ಬರ್ತೈತೆ. ನೀನು ನೀರು ತಾರೇ. ಕಿತ್ತೋಳೇ ನೆಡ್ತೀನಿ."

ಅವಳು ಗುಣಿ ತೋಡಿದಳು, ನಾನು ಬುಡ ಇಟ್ಟು ಮಣ್ಣು ಒತ್ತಿದೆ. "ಒತ್ತಾಗಿ ನೆಡಬ್ಯಾಡ, ಅಗಲ ಬಿಡು," ಎಂದು ಗದರಿದಳು. ಹೊಲದ ಕೆಲಸ ಅವಳಿಗೆ ಕಲಿಸಿದವಳು ನಾನು. ಅವಳ ಕೈಲಿ ಬೈಸಿಕೊಳ್ಳುವುದು ಇಷ್ಟು ಹಿತವೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಟೀ ಕುಡಿಯಲು ಕೂತಾಗ ಇಷ್ಟು ಬರೆದೆ. ನೆಡಲು ಇನ್ನೂ ಅರ್ಧ ಸಾಲು ಬಾಕಿ ಇದೆ, ಹನಿ ಬೀಳುತ್ತಿದೆ. ಪೆನ್ನು ಒಳಗಿಡುತ್ತೇನೆ.