ಮೇಲಿನ ತುಂಡಿನ ಮಾವಿನ ಮರ

ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಸುಡಲು ಮಾವಿನ ಮರ ಬೇಕು. ಬೇರೆ ಸೌದೆ ಎಷ್ಟೇ ಇರಲಿ, ಸ್ವಂತ ಜಾಗದ ಒಂದು ಕಾಟುಮಾವನ್ನು ಅವತ್ತೇ ಕಡಿದು ಹಾಕುವುದು ಪದ್ಧತಿ. ಹಾಗಾಗಿ ವಯಸ್ಸಾದವರು ಗುಡ್ಡದಲ್ಲಿ ಯಾವುದಾದರೂ ಒಂದು ಮರ ತೋರಿಸಿ ‘ಅದು ನಂಗೆ’ ಎಂದು ಹೇಳಿಟ್ಟಿರುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಅದು ತಮ್ಮ ರೇಷ್ಮೆ ಸೀರೆ ಯಾರಿಗೆ ಎಂದು ಹೇಳಿಟ್ಟಷ್ಟೇ ಸಲೀಸು.

ಅಪ್ಪ ಮತ್ತು ಅಮ್ಮ ಅಕ್ಕಪಕ್ಕದ ಎರಡು ಮರ ಹೇಳಿಟ್ಟಿದ್ದರು. ಎರಡೂ ನಮ್ಮ ಜಾಗದ ಮೇಲಿನ ತುಂಡಿನಲ್ಲಿದ್ದವು. ಅಪ್ಪನ ಮರ ಅಪ್ಪನ ಜೊತೆಗೇ ಹೋಯಿತು. ಅದರ ಬೊಡ್ಡೆ ಈಗಲೂ ಇದೆ, ಮೇಲೆ ಅಣಬೆ ಏಳುತ್ತದೆ. ಅಮ್ಮನದು ಪಕ್ಕದಲ್ಲಿ ನಿಂತಿತ್ತು. ಅದರ ಹಣ್ಣು ಎಷ್ಟು ಹುಳಿಯೆಂದರೆ ಮಂಗಗಳೂ ಒಂದು ಕಚ್ಚು ಕಚ್ಚಿ ಬಿಸಾಡುತ್ತಿದ್ದವು. ಅಮ್ಮ ಅದರಲ್ಲೇ ಗೊಜ್ಜು ಮಾಡಿ, ಚೆನ್ನಾಗಿದೆ ಎಂದು ನಮ್ಮ ಬಾಯಲ್ಲಿ ಹೇಳಿಸುತ್ತಿದ್ದಳು.

ಈ ಜಾಗ ನಮಗೆ ಪಿತ್ರಾರ್ಜಿತವಲ್ಲ, ಮಂಜೂರಾದದ್ದು. ಅಪ್ಪನ ಊರು ಭದ್ರೆಯ ದಂಡೆಯಲ್ಲಿತ್ತು. ಅಣೆಕಟ್ಟು ಕಟ್ಟಿದಾಗ ಅದು ಮುಳುಗಿತು, ಮುತ್ತಿನಕೊಪ್ಪದ ಈಚೆಗಿನ ಈ ಗುಡ್ಡವನ್ನು ಸರ್ಕಾರ ಬದಲಿಗೆ ಕೊಟ್ಟಿತು. ಕೊಡುವಾಗ ಒಂದು ಷರತ್ತು ಇತ್ತು: ಜಾಗವನ್ನು ಸಾಗುವಳಿಗೆ ತರಬೇಕು. ಅಪ್ಪ ಕೆಳಗಿನ ಅರ್ಧವನ್ನು ಕಡಿದು ಗದ್ದೆ, ಸ್ವಲ್ಪ ಅಡಿಕೆ ಮತ್ತು ಮನೆ ಮಾಡಿದರು. ಅಲ್ಲಿಗೆ ನಿಲ್ಲಿಸಿದರು. ಮೇಲಿನ ಅರ್ಧ ಕಾಡಾಗಿಯೇ ಉಳಿಯಿತು. ನಮ್ಮ ಜೊತೆಗೇ ಮುಳುಗಡೆಯಾಗಿ ಬಂದ ಪಕ್ಕದ ಮನೆಯವರು ತಮ್ಮ ಪಾಲನ್ನು ತುದಿಯವರೆಗೆ ಬೋಳಿಸಿದರು. ಮೊದಲು ಶುಂಠಿ ಹಾಕಿದರು, ಆಮೇಲೆ ರಬ್ಬರ್.

ಅಪ್ಪ ಯಾಕೆ ಕಡಿಯಲಿಲ್ಲ ಎಂದು ನಾನು ಸಣ್ಣವಳಿದ್ದಾಗ ಕೇಳಿದ್ದೆ. ಆ ಬೇಸಿಗೆಯಲ್ಲಿ ಅವರು ನನ್ನನ್ನು ನರಸಿಂಹರಾಜಪುರದ ಆಚೆ ಹಿನ್ನೀರಿಗೆ ಕರೆದುಕೊಂಡು ಹೋದರು. ನೀರು ಇಳಿದು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅದರ ತುಂಬ ಕಡಿದ ಮರಗಳ ಕರಿ ಬೊಡ್ಡೆಗಳು. ನೀರು ತುಂಬುವ ಮೊದಲು ಕಂಟ್ರಾಕ್ಟರನ ಜನ ಬಂದು ಕಾಡನ್ನೆಲ್ಲ ಕಡಿದು ಸಾಗಿಸಿದ್ದರಂತೆ. ಅಪ್ಪ ಬೊಡ್ಡೆಗಳ ನಡುವೆ ನಡೆಯುತ್ತ, ಇದು ನಮ್ಮ ಕೊಟ್ಟಿಗೆ, ಇದು ಬಾವಿ ಎಂದು ತೋರಿಸಿದರು. ನನಗೆ ಬಿಸಿಲು ಹತ್ತಿತ್ತು, ಬೇಗ ಮನೆಗೆ ಹೋಗೋಣ ಎಂದು ಹಟ ಮಾಡಿದೆ.

ಅಪ್ಪ ಹೋದಮೇಲೆ ನಾನು ಮತ್ತು ನನ್ನ ಗಂಡ ಅಮ್ಮನ ಜೊತೆಗೇ ಇದ್ದೇವೆ. ನಾನು ಪೇಟೆಯ ಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡುತ್ತೇನೆ. ಗಂಡ ಶೃಂಗೇರಿಯ ಹತ್ತಿರದ ಅಡ್ಡಗದ್ದೆಯವರು, ಜಮೀನು ನೋಡಿಕೊಳ್ಳುತ್ತಾರೆ. ಪಹಣಿ, ಪೋಡಿ, ನಕ್ಷೆ ಎಂದರೆ ಅವರಿಗೆ ಊಟ ಬೇಡ. ಅದರಲ್ಲಿ ಕಾಲು ಭಾಗ ಆಸಕ್ತಿಯನ್ನು ನನ್ನ ಮೇಲೆ ಇಟ್ಟಿದ್ದರೆ ನಾನು ಇಷ್ಟು ಸಿಡುಕಿ ಆಗುತ್ತಿರಲಿಲ್ಲ. ಜಂಟಿ ಸರ್ವೆ ಬರುತ್ತದೆ ಎಂದು ಮೊದಲು ತಿಳಿದುಕೊಂಡು ಬಂದವರು ಅವರೇ.

ವಿಷಯ ಇಷ್ಟೇ. ಒಂದು ಇಲಾಖೆಯ ನಕ್ಷೆಯಲ್ಲಿ ನಮ್ಮ ಗುಡ್ಡ ಮಂಜೂರಾದ ಜಮೀನು, ಇನ್ನೊಂದು ಇಲಾಖೆಯ ನಕ್ಷೆಯಲ್ಲಿ ಅರಣ್ಯ. ಈಗ ಎರಡೂ ಇಲಾಖೆಯವರು ಒಟ್ಟಿಗೆ ಬಂದು ನೆಲದ ಮೇಲೆ ಏನಿದೆ ಎಂದು ನೋಡುತ್ತಾರೆ. ಸಾಗುವಳಿ ಕಂಡರೆ ಜಾಗ ನಮಗೆ, ಕಾಡು ಕಂಡರೆ ಅರಣ್ಯ ಇಲಾಖೆಗೆ. ಮೇಲಿನ ತುಂಡು ಹೋದರೆ ಅಮ್ಮನ ಮರವೂ ಹೋಗುತ್ತದೆ ಎಂದು ಆಗ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸರ್ವೆಯವರು ಬರುವ ಬೆಳಿಗ್ಗೆ ಗಂಡ ಅಮ್ಮನನ್ನು ಕೂರಿಸಿಕೊಂಡು ಪಾಠ ಮಾಡಿದರು. “ಅತ್ತೆ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಮೇಲಿನ ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿದ್ದೇವೆ ಅಂತ ಹೇಳಿ.”

“ಸುಳ್ಳು ಹೇಳ್ಬೇಕಾ?”

“ನಾಕು ಬಳ್ಳಿ ಉಂಟಲ್ಲ. ಸುಳ್ಳು ಎಂತ ಬಂತು?”

ಅಮ್ಮ ತಲೆಯಾಡಿಸಿದಳು. ಒಪ್ಪಿದಳು ಎಂದು ಅವರು ತಿಳಿದರು. ನನಗೆ ಅಮ್ಮನ ತಲೆಯಾಟ ಗೊತ್ತು, ಆದರೆ ತಿಂಡಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಸರ್ವೆಯವರು ಬಂದರು, ಕೈಯಲ್ಲಿ ಜಿಪಿಎಸ್ ಮೆಷಿನ್. ಅಮ್ಮ ಮುರುಗಲು ಹಣ್ಣಿನ ಶರಬತ್ತು ಕೊಟ್ಟಳು. ಹಣ್ಣೂ ಮೇಲಿನ ತುಂಡಿನದೇ. ಅವರಲ್ಲಿದ್ದ ಅರಣ್ಯ ಇಲಾಖೆಯ ಹುಡುಗ ಒಳ್ಳೆಯವನು, ಲೋಟ ತೊಳೆದಿಡಲು ಹೋದ. ಆಮೇಲೆ ಎಲ್ಲರೂ ಗುಡ್ಡ ಹತ್ತಿದೆವು. ಅಮ್ಮ ಎಲ್ಲರಿಗಿಂತ ಮುಂದೆ ಇದ್ದಳು. ಒರತೆ ತೋರಿಸಿದಳು, ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದಳು. ಹುಡುಗ ಒಂದು ದೊಡ್ಡ ಹಲಸಿನ ಬುಡದಲ್ಲಿ ನಿಂತು ಮೇಲೆ ನೋಡಿದ.

“ಅಮ್ಮಾ, ಈ ಮರ ಎಲ್ಲ ನೀವು ನೆಟ್ಟಿದ್ದಾ?”

“ನೆಡೋದು ಎಂತದು ಮಾರಾಯ!” ಅಮ್ಮನ ಮುಖ ಅರಳಿತ್ತು. “ಎಲ್ಲ ತಾವಾಗೇ ಬಂದಿದ್ದು. ನಮ್ಮ ಯಜಮಾನ್ರು ಇಲ್ಲಿ ಒಂದು ಕತ್ತಿ ಆಡ್ಸೋಕೆ ಬಿಟ್ಟವರಲ್ಲ. ನಾವು ಬಂದಾಗ ಹೆಂಗಿತ್ತೋ ಹಂಗೇ ಇದೆ ನೋಡು.”

ಗಂಡ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಅಮ್ಮ ತಿರುಗಿ, ನೀರು ಬೇಕಾ ಎಂದು ಕೇಳಿದಳು.

“ತುಂಬ ಒಳ್ಳೆ ಕೆಲ್ಸ ಮಾಡಿದೀರಿ ಅಮ್ಮ” ಎಂದು ಹುಡುಗ ಮನಸಾರೆ ಹೇಳಿ, ಬರೆದುಕೊಂಡ. ಗೆರೆ ಎಲ್ಲಿ ಹೋಗುತ್ತದೆ ಎಂದು ಆಮೇಲೆ ಕೈ ಚಾಚಿ ತೋರಿಸಿದ. ನಮ್ಮ ಅಡಿಕೆ ಮುಗಿಯುವ ಕಡೆಯಿಂದ ಮೇಲೆ ಪೂರ್ತಿ ಅರಣ್ಯ. ಪಕ್ಕದ ಮನೆಯಲ್ಲೂ ಅವನು ಅದೇ ಪ್ರಶ್ನೆ ಕೇಳಿದನಂತೆ. ಅವರು ರಬ್ಬರ್ ಸಾಲುಗಳನ್ನು ತೋರಿಸಿ, ಎಲ್ಲ ನಾನೇ ನೆಟ್ಟಿದ್ದು ಎಂದರಂತೆ. ಅವರ ಜಾಗ ಅವರಿಗೇ ಉಳಿಯಿತು.

ನನಗೆ ಸಿಟ್ಟು ಬರಬೇಕಿತ್ತು. ನಾನು ಹಾಲು ಚೆಲ್ಲಿದರೆ ಕೂಗಾಡುವವಳು. ಅವತ್ತು ಏನೂ ಬರಲಿಲ್ಲ. ಅಮ್ಮನ ಮೇಲಿಲ್ಲ, ಹುಡುಗನ ಮೇಲಿಲ್ಲ, ಸರ್ಕಾರದ ಮೇಲೂ ಇಲ್ಲ. ಹಲ್ಲು ಕೀಳಿಸುವಾಗ ಸೂಜಿ ಹಾಕಿದ ದವಡೆ ಇರುತ್ತದಲ್ಲ, ಒಳಗೆಲ್ಲ ಹಾಗೆ. ಇಳಿದು ಬರುವಾಗ ಅಮ್ಮ ಹಿಂದೆ ಉಳಿದು ಹುಡುಗನನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು.

“ಆ ಮಾವಿನ ಮರ ಯಾವ ಕಡೆಗೆ ಬಂತಪ್ಪಾ?”

“ಅದು ಒಳಗೆ ಅಮ್ಮ. ಆರ್ಡರ್ ಆದ್ಮೇಲೆ ಅರಣ್ಯದ್ದು. ಹಣ್ಣು ಹೆಕ್ಕಿಕೊಳ್ಳಿ, ಯಾರೂ ಎಂತ ಹೇಳಲ್ಲ. ಕಡಿಯೋಕೆ ಮಾತ್ರ ಆಗಲ್ಲ.”

ಅಮ್ಮ ನನ್ನನ್ನು ದಾಟಿ ಮುಂದೆ ಇಳಿದಳು.

ಗಂಡ ತಕರಾರು ಅರ್ಜಿಗೆ ಓಡಾಡತೊಡಗಿದರು. ಕೊಪ್ಪಕ್ಕೆ ಹೋಗಿ ವಕೀಲರನ್ನು ಕಂಡು ಬಂದರು. ಅವರು ಹಾಗೆ ಒಂದು ದಿನ ಹೋಗಿದ್ದಾಗ ಮೇಲಿನಿಂದ ಮೆಷಿನ್ ಗರಗಸದ ಸದ್ದು ಬಂತು. ಭಾನುವಾರ, ನಾನು ಮನೆಯಲ್ಲೇ ಇದ್ದೆ. ಹತ್ತಿ ಹೋದರೆ, ಅಮ್ಮ ಅಪ್ಪನ ಮರದ ಬೊಡ್ಡೆಯ ಮೇಲೆ ಕೂತು ಮರ ಕಡಿಯುವವನಿಗೆ ಎತ್ತ ಬೀಳಿಸಬೇಕೆಂದು ಹೇಳುತ್ತಿದ್ದಳು. ಬೇರೆ ಗಿಡಕ್ಕೆ ಪೆಟ್ಟಾಗಬಾರದು ಎನ್ನುತ್ತಿದ್ದಳು. ಮರ ಬಿತ್ತು. ಹುಳಿ ವಾಸನೆ ಎದ್ದಿತು.

“ಎಂತಕ್ಕಮ್ಮ?” ಎಂದೆ.

“ಆಮೇಲೆ ಯಾರತ್ರ ಪರ್ಮಿಶನ್ ಕೇಳ್ತಾ ಕೂರ್ತೀರಿ? ನನ್ನನ್ನ ಚಾಪೆ ಮೇಲೆ ಮಲಗಿಸಿಟ್ಟು ಆಫೀಸಿಗೆ ಹೋಗ್ತೀಯಾ?”

ಸಾಯಂಕಾಲ ಗಂಡ ಬಂದು ಗೋಳಾಡಿದರು. “ಇನ್ನೂ ಎಂತದೂ ಆಗ್ಲಿಲ್ಲ ಅತ್ತೆ, ಅರ್ಜಿ ಉಂಟಲ್ಲ!” ಅಮ್ಮ ಅವರಿಗೆ ಕಾಫಿ ಕೊಟ್ಟು ಹೇಳಿದಳು: “ನಿಮ್ಮ ಅರ್ಜಿ ನೀವು ಕೊಡಿ. ನಾನೆಂತ ಬೇಡ ಅಂದ್ನಾ?”

ತುಂಡುಗಳನ್ನು ಕೆಳಗೆ ಹೊರಿಸಿ, ಸೀಳಿಸಿ, ಸೌದೆ ಕೊಟ್ಟಿಗೆಯಲ್ಲಿ ಬೇರೆಯಾಗಿ ಪೇರಿಸಿ, ಮೇಲೆ ಟಾರ್ಪಾಲು ಹೊದೆಸಿದ್ದಾಯಿತು. ಪಕ್ಕದ ಮನೆಯವರು ನೋಡಿ ದಂಗಾದರು. “ಜೀವ ಇರೋವಾಗ್ಲೇ ಯಾರಾದ್ರೂ ಪೇರಿಸ್ತಾರಾ ಅಕ್ಕ? ಅವತ್ತಿನ ಮರ ಅವತ್ತೇ ಅಲ್ದಾ ಕಡಿಯೋದು?” ಎಂದರು. ಮತ್ತೆ ನನ್ನ ಕಡೆ ತಿರುಗಿ, “ನಿನ್ನ ಅಪ್ಪಂಗೆ ಆವಾಗ್ಲೇ ಹೇಳಿದ್ದೆ, ಬೋಳ್ಸಿ ಬಿಡು ಅಂತ” ಎಂದರು. ಅವರು ಕೆಟ್ಟವರಲ್ಲ. ಅವರು ಹೇಳಿದ್ದು ನಿಜವೂ ಹೌದು.

ಅರ್ಜಿ ಬಿದ್ದುಹೋಯಿತು. ಅಡಿಕೆ ಮುಗಿಯುವಲ್ಲಿ ಗಡಿ ಕಲ್ಲು ನೆಟ್ಟರು. ಈಗ ಮೇಲಿನ ತುಂಡು ಕಾನೂನಿನ ಪ್ರಕಾರವೂ ಕಾಡು. ಅಪ್ಪ ಬಯಸಿದ್ದೂ ಅದನ್ನೇ, ಒಂದು ಕೊಂಬೆಯೂ ಕಡಿಯಬಾರದು ಎಂದು. ಒರತೆಯಿಂದ ಮನೆಗೆ ನೀರು ತರುವ ನಮ್ಮ ಪೈಪನ್ನು ಯಾರೂ ಮುಟ್ಟಿಲ್ಲ. ಹುಡುಗ ಬೀಟಿನ ಗಸ್ತಿಗೆ ಬಂದಾಗ ನಮ್ಮಲ್ಲೇ ಶರಬತ್ತು ಕುಡಿಯುತ್ತಾನೆ. ಜೋಡಿ ಬೊಡ್ಡೆ ಅವನ ಕಣ್ಣಿಗೆ ಬಿದ್ದಿರಲೇಬೇಕು, ಕೇಳಿಲ್ಲ.

ಸ್ನಾನದ ಒಲೆಗೆ ಸೌದೆ ತರಲು ನಾನು ದಿನಾ ಬೆಳಿಗ್ಗೆ ಆ ಕೊಟ್ಟಿಗೆಗೆ ಹೋಗುತ್ತೇನೆ. ಟಾರ್ಪಾಲಿನ ಪಕ್ಕದ ರಾಶಿಯಿಂದ ಎರಡು ತುಂಡು ಎಳೆದುಕೊಂಡು, ನೀರು ಕಾಯಿಸಿ, ಮಿಂದು ಬಸ್ಸಿಗೆ ಓಡುತ್ತೇನೆ. ಮೊದಲು ಆ ಕಡೆ ನೋಡುತ್ತಿರಲಿಲ್ಲ, ಈಗ ನೋಡಿದರೂ ಏನೂ ಆಗುವುದಿಲ್ಲ.

ಮೊನ್ನೆ ಅಮ್ಮ ನನ್ನ ಹಿಂದೆಯೇ ಬಂದಳು. ಟಾರ್ಪಾಲು ಎತ್ತಿ, ಒಂದು ತುಂಡಿನ ಮೇಲೆ ಬೆರಳಿನಿಂದ ಕುಟ್ಟಿ ನೋಡಿದಳು.

“ಒಣಗಿದೆ” ಎಂದಳು.

“ಹೂಂ” ಎಂದೆ.