ಪಿಪೆಟ್ಟು ಯಾರ ಬಾಯಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಬಚ್ಚಿಡುವ ವಯಸ್ಸೂ ಈಗ ದಾಟಿದೆ. ಹೀಗಿದ್ದರೂ ಕಾಲೇಜಿನ ಮೊದಲ ಆರು ತಿಂಗಳು ನಾನು ಕೋಪವನ್ನೆಲ್ಲ ನುಂಗಿಕೊಂಡು, ಇನ್ನೊಬ್ಬನು ಹೇಳಿದ ಅಂಕಿಗಳನ್ನು ದುಂಡಗೆ ಬರೆದುಕೊಟ್ಟೆ. ಅದಕ್ಕೆ ಕಾರಣ ಒಂದು ಗಾಜಿನ ಕೊಳವೆ.

ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅದನ್ನು ಪಿಪೆಟ್ಟು ಎನ್ನುತ್ತಿದ್ದರು. ಮೊಳದುದ್ದದ ಕೊಳವೆ, ನಡುವೆ ಉಬ್ಬಿದ ಹೊಟ್ಟೆ, ಅದರ ಮೇಲೊಂದು ಗೆರೆ. ಕೆಳತುದಿಯನ್ನು ಆಸಿಡ್ಡಿನಲ್ಲಿ ಮುಳುಗಿಸಿ, ಮೇಲ್ತುದಿಯನ್ನು ಬಾಯಲ್ಲಿಟ್ಟು ಹೀರಬೇಕು. ಆಸಿಡ್ಡು ಗೆರೆ ದಾಟಿದ ತಕ್ಷಣ ಬಾಯಿ ತೆಗೆದು, ಬೆರಳಿನಿಂದ ಮುಚ್ಚಿ, ಹನಿ ಹನಿಯಾಗಿ ಗೆರೆಗೆ ಇಳಿಸಬೇಕು. ಆಮೇಲೆ ಅದನ್ನು ಕುಪ್ಪಿಗೆ ಬಿಟ್ಟು, ಬಣ್ಣ ತಿರುಗುವವರೆಗೆ ಮೇಲಿನಿಂದ ಕ್ಷಾರ ಬೀಳಿಸಿ, ಎಷ್ಟು ಹಿಡಿಯಿತು ಎಂಬ ಅಂಕಿಯನ್ನು ಬರೆದುಕೊಳ್ಳಬೇಕು. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಪಿಪೆಟ್ಟು. ಜೋಡಿಯ ಇಬ್ಬರೂ ಒಂದೇ ಜಾತಿಯವರಾದರೆ ತೊಳೆದುಕೊಂಡು ಒಬ್ಬರಾದ ಮೇಲೆ ಒಬ್ಬರು ಹೀರುತ್ತಿದ್ದರು. ಬೇರೆ ಬೇರೆಯಾದರೆ ಮೇಲಿನವನು ಹೀರುತ್ತಿದ್ದ, ಕೆಳಗಿನವನು ಬರೆದುಕೊಳ್ಳುತ್ತಿದ್ದ. ಎಂಜಲಿನ ಈ ಕಾನೂನನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ನನ್ನ ಜೋಡಿ ಬಸವನಗುಡಿಯ ಒಬ್ಬ ವಕೀಲರ ಮಗ. ಕೆಟ್ಟವನಲ್ಲ, ನಯವಾಗಿ ಮಾತಾಡುವವನು. ಮೊದಲ ದಿನವೇ ಪುಸ್ತಕವನ್ನು ನನ್ನ ಕಡೆ ಸರಿಸಿ, “ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ನೀವು ಬರ್ಕೊಳ್ಳಿ. ಇದನ್ನ ನಾನು ನೋಡ್ಕೋತೀನಿ” ಎಂದ. ನನಗೆ ಸಂತೋಷವೇ ಆಯಿತು. ಹೊಗಳಿಕೆಯ ಬಾಗಿಲಿನಿಂದಲೂ ಹೊರಗೆ ಕಳಿಸಬಹುದು ಎಂಬುದು ಆಗ ತಿಳಿದಿರಲಿಲ್ಲ.

ತಮಾಷೆಯೆಂದರೆ ಅವನಿಗೆ ಹೀರಲು ಬರುತ್ತಿರಲಿಲ್ಲ. ಅವನೊಬ್ಬನಿಗಲ್ಲ, ಅರ್ಧ ತರಗತಿಗೆ ಬರುತ್ತಿರಲಿಲ್ಲ. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವುದನ್ನು ಮೂರನೆಯ ವಯಸ್ಸಿಗೇ ಕಲಿತವರು ಅವರು. ಪಿಪೆಟ್ಟನ್ನೂ ತುಟಿಗೆ ತಾಗಿಯೂ ತಾಗದ ಹಾಗೆ ಹಿಡಿದು ಉಸಿರೆಳೆಯುತ್ತಿದ್ದರು. ಗಾಳಿ ಬರುತ್ತಿತ್ತು, ಆಸಿಡ್ಡು ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಜೋಡಿ ಪ್ರತಿ ಸಲವೂ ಒಂದೊಂದು ಅಂಕಿ ಹೇಳುತ್ತಿದ್ದ. ನಾನು ಅದನ್ನು ಮುತ್ತಿನ ಅಕ್ಷರದಲ್ಲಿ ಬರೆಯುತ್ತಿದ್ದೆ.

ನನಗಾದರೋ ಆ ಕೆಲಸ ಹುಟ್ಟಿನಿಂದ ಬಂದದ್ದು. ಚಾಮರಾಜಪೇಟೆಯ ಅಂಚಿನಲ್ಲಿ ನಮ್ಮ ಮನೆ, ಮನೆಯ ಹಿಂದೆ ತರಕಾರಿ ತೋಟ. ಎಳೆ ಸಸಿಗೆ ನೀರು ಸುರಿದರೆ ಬೇರು ಕಿತ್ತುಬರುತ್ತದೆ ಎಂದು ಅವ್ವ ಪರಂಗಿ ಎಲೆಯ ಟೊಳ್ಳು ದಂಟನ್ನು ಮಡಕೆಯಲ್ಲಿ ಅದ್ದಿ, ನೀರು ಹೀರಿ, ಬೆರಳಲ್ಲಿ ಮುಚ್ಚಿ, ಒಂದೊಂದು ಸಸಿಯ ಬುಡಕ್ಕೆ ಅಳತೆಯಾಗಿ ಬಿಡುತ್ತಿದ್ದಳು. ಐದು ವರ್ಷದವನಿದ್ದಾಗಲೇ ನಾನೂ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಮಾಡಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ಪಾಡು ಅದೇ.

ವರ್ಷದ ಕೊನೆಯ ಪ್ರಯೋಗಪರೀಕ್ಷೆ ಮಾತ್ರ ಜೋಡಿಯದಲ್ಲ. ಹೊರಗಿನ ಪರೀಕ್ಷಕರ ಎದುರು ಒಬ್ಬೊಬ್ಬರೇ ನಿಂತು ಮಾಡಬೇಕು. ಅದರಲ್ಲಿ ಬಿದ್ದವನು ಇಡೀ ಪರೀಕ್ಷೆಯಲ್ಲೇ ಬಿದ್ದ ಹಾಗೆ. ದಂಟಿನಲ್ಲಿ ಸಸಿಗೆ ನೀರು ಬಿಟ್ಟವನಾದರೂ ಕ್ಷಾರವನ್ನು ಬಣ್ಣ ತಿರುಗುವ ಹನಿಗೆ ಸರಿಯಾಗಿ ನಿಲ್ಲಿಸುವುದನ್ನು ನನ್ನ ಕೈ ಒಂದು ಸಲವೂ ಮಾಡಿರಲಿಲ್ಲ. ನನ್ನದೆಲ್ಲ ಪುಸ್ತಕದ ಬದನೆಕಾಯಿ. ನಮ್ಮ ಬೀದಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನಾನು ಬಿದ್ದರೆ, ಸೊಪ್ಪು ಮಾರುವವರಿಗೆ ವಿದ್ಯೆ ಯಾಕೆ ಎನ್ನುವವರಿಗೆ ಹಬ್ಬ. ಬೀಳಬಾರದು ಎಂದು ಹಟ ಹಿಡಿದೆ.

ಮೊದಲು ಜೋಡಿಯನ್ನೇ ಕೇಳಿದೆ. “ವಾರಕ್ಕೊಂದು ಸಲ ನಾನೂ ಹೀರ್ತೀನಿ. ತೊಳೆದು ಕೊಡ್ತೀನಿ.”

ಅವನ ಮುಖ ಸಣ್ಣದಾಯಿತು. “ನನಗೇನೂ ಇಲ್ಲ. ಮನೇಲಿ ಅಜ್ಜಿಗೆ ಗೊತ್ತಾದ್ರೆ ಪಂಕ್ತೀಲಿ ಕೂರ್ಸಲ್ಲ. ನೀವೇ ಯೋಚ್ನೆ ಮಾಡಿ.”

ಯೋಚನೆ ಮಾಡಿದೆ. ಅವನ ಅಜ್ಜಿಯ ಪಂಕ್ತಿಗಾಗಿ ನಾನು ಪರೀಕ್ಷೆ ಬಿಟ್ಟುಕೊಡಲಾರೆ ಎನಿಸಿತು. ಮರುದಿನ ತರಗತಿ ಮುಗಿದ ಮೇಲೆ ನಮ್ಮ ಮೇಷ್ಟ್ರ ಮುಂದೆ ನಿಂತೆ. ಹಣೆಯ ತುಂಬ ನಾಮ, ಮೃದು ಸ್ವಭಾವ, ಯಾರ ಮನಸ್ಸನ್ನೂ ನೋಯಿಸದವರು. ನನ್ನ ಮಾತನ್ನು ಪೂರ್ತಿ ಕೇಳಿದರು.

“ಬೇಜಾರು ಮಾಡ್ಕೋಬೇಡಪ್ಪ. ಹಳೇದೊಂದು ಪಿಪೆಟ್ಟಿದೆ, ತುದಿ ಸ್ವಲ್ಪ ಮುಕ್ಕಾಗಿದೆ ಅಷ್ಟೆ. ಅದಕ್ಕೊಂದು ದಾರ ಕಟ್ಟಿ ಕಿಟಕೀಲಿ ಇಡಿಸ್ತೀನಿ. ಅದು ನಿನಗೇ ಅಂತ ಇರ್ಲಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಕ್ಷಣ ನಾನು ಕೈಮುಗಿಯುವವನೇ ಇದ್ದೆ. ಅಷ್ಟರಲ್ಲಿ, ಅಪ್ಪ ಸೊಪ್ಪಿನ ಹೊರೆ ಇಳಿಸಿ ನೀರು ಕೇಳಿದ ಮನೆಗಳಲ್ಲಿ ಜಗಲಿಯ ಮೂಲೆಗೆ ಬೋರಲು ಹಾಕಿರುತ್ತಿದ್ದ ಬೇರೆ ಲೋಟ ಕಣ್ಣಿಗೆ ಕಟ್ಟಿತು. ಮೈ ಉರಿಯಿತು.

“ಬೇಡ ಸ್ವಾಮಿ” ಎಂದೆ. “ಒಂದು ದ್ರಾವಣ ಆದ್ಮೇಲೆ ಇನ್ನೊಂದಕ್ಕೆ ಹೋಗೋವಾಗ ಪಿಪೆಟ್ಟನ್ನ ಮೊದಲು ನೀರಲ್ಲಿ, ಆಮೇಲೆ ಆ ಹೊಸ ದ್ರಾವಣದಲ್ಲೇ ತೊಳೀರಿ, ಮೊದಲಿನದ್ದು ಒಂದು ಚೂರೂ ಉಳಿಯಲ್ಲ ಅಂತ ನೀವೇ ಪಾಠ ಹೇಳಿದ್ರಿ. ಆ ಪಾಠ ಆಸಿಡ್ಡಿಗೆ ನಿಜ, ನನ್ನ ಬಾಯಿಗೆ ಸುಳ್ಳಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, “ಹೋಗು, ಬರೋ ವಾರ ನೋಡೋಣ” ಎಂದರು. ಕಾಲೇಜಿನಿಂದಲೇ ಹೆಸರು ಹೊಡೆದುಹಾಕುತ್ತಾರೆ ಎಂದುಕೊಂಡು ಆ ವಾರವನ್ನು ಕಳೆದೆ.

ಮುಂದಿನ ವಾರ ಅವರು ಮೇಜಿನ ಮುಂದೆ ನಿಂತು ನಾಲ್ಕೇ ಮಾತು ಹೇಳಿದರು. “ಇವತ್ತಿಂದ ಎಲ್ಲಾ ಜೋಡಿಗೂ ಸರದಿ. ಒಬ್ಬ ಮಾಡಿದ್ಮೇಲೆ ಇನ್ನೊಬ್ಬ, ಅದೇ ಪಿಪೆಟ್ಟಲ್ಲಿ. ನಾನು ಹೇಳ್ಕೊಟ್ಟ ಹಾಗೆ ತೊಳೀಬೇಕು. ತಾನೇ ಮಾಡಿ ತೆಗೆದ ಅಂಕಿಗೆ ಮಾತ್ರ ನನ್ನ ಸಹಿ.”

ಮೂವರು ಎದ್ದು ಹೊರಗೆ ಹೋದರು. ಸಹಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಗೊತ್ತಾದ ಮೇಲೆ ಇಬ್ಬರು ಹಿಂತಿರುಗಿದರು. ನನ್ನ ಜೋಡಿ ಏಳಲೂ ಇಲ್ಲ, ಪಿಪೆಟ್ಟು ಮುಟ್ಟಲೂ ಇಲ್ಲ. ನಾನು ಹೀರಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ಅಂಕಿ ಬಂತು. ನನಗಾದ ಹೆಮ್ಮೆಯನ್ನು ಹೇಳಲು ನನಗೆ ಸಂಕೋಚವಿಲ್ಲ. ನಾನು ತೊಳೆದು ಕೊಟ್ಟದ್ದನ್ನು ಅವನು ಮತ್ತೆ ಏಳು ಸಲ ತೊಳೆದ. ಆಮೇಲೆ ಕಣ್ಣುಮುಚ್ಚಿ ಬಾಯಿಗಿಟ್ಟ. ಗಾಳಿ ಸೇರಿ ಆಸಿಡ್ಡು ನಾಲಿಗೆಗೆ ಚಿಮ್ಮಿತು, ಥೂ ಎಂದು ಉಗಿದ.

“ತುಟಿ ಬಿಗಿಯಾಗಿ ಮುಚ್ಚಿ. ಕೆಳತುದಿ ಮೇಲಕ್ಕೆ ಎತ್ತಬೇಡಿ, ಗಾಳಿ ನುಗ್ಗುತ್ತೆ” ಎಂದೆ. ಎರಡನೆಯ ಸಲ ಅವನಿಗೆ ಬಂತು. ಆ ವರ್ಷ ಇಬ್ಬರೂ ಪಾಸಾದೆವು.

ಇಲ್ಲಿಗೇ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯನಾಗಿ ಕಾಣುತ್ತೇನೆ. ಹಾಗಾಗಿ ನಿಲ್ಲಿಸುವುದಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಪ್ರಯೋಗಶಾಲೆಯಲ್ಲಿ ನಾನು ಸಹಾಯಕ ಮೇಷ್ಟ್ರಾದೆ. ಒಂದು ವರ್ಷ ಚಪ್ಪಲಿ ಹೊಲಿಯುವವರ ಮನೆಯ ವಿದ್ಯಾರ್ಥಿಯೊಬ್ಬ ತರಗತಿಗೆ ಬಂದ. ಅವರ ಜಾತಿಯಿಂದ ಅಲ್ಲಿಗೆ ಬಂದ ಮೊದಲನೆಯವನು. ಅವನೊಡನೆ ಜೋಡಿಯಾಗಲು ಯಾರೂ ಮುಂದೆ ಬರಲಿಲ್ಲ. “ನಾನೇ ಇವನ ಜೋಡಿ” ಎಂದು ತರಗತಿಗೆಲ್ಲ ಕೇಳುವ ಹಾಗೆ ಹೇಳಿದೆ. ಹೇಳಿ ಎದೆ ಉಬ್ಬಿಸಿದೆ. ಆಮೇಲೆ ಪುಸ್ತಕವನ್ನು ಅವನ ಮುಂದಿಟ್ಟು, “ಮೊದಲು ನೋಡ್ಕೋ. ನಾನು ಮಾಡ್ತೀನಿ, ನೀನು ಬರ್ಕೋ” ಎಂದೆ. ಹೊಸಬ, ಗಾಜು ಒಡೆದಾನು, ಆಸಿಡ್ಡು ಬಾಯಿಗೆ ಹೋದೀತು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಹೀಗೆ ಮೂರು ವಾರ ಹೋಯಿತು. ಉಳಿದ ಹೊಸಬರ ಕೈಗೆ ಮೊದಲ ದಿನವೇ ಪಿಪೆಟ್ಟು ಕೊಟ್ಟಿದ್ದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ವಾರ ಅವನು ಲೇಖನಿಯನ್ನು ಮೇಜಿನ ಮೇಲಿಟ್ಟ. ದನಿ ಎತ್ತರಿಸಲಿಲ್ಲ. “ಸ್ವಾಮಿ, ಎಲ್ಲಾ ಜೋಡೀಲೂ ಸರದಿ ಇದೆ. ನಂದು ಯಾವಾಗ?”

ನನಗೆ ಅವಮಾನವಾಯಿತು. ಕೋಪವೂ ಬಂತು, ಅದು ಅವನ ಮೇಲಲ್ಲ. ನಮ್ಮ ತೋಟದಲ್ಲೂ ಅವನಂಥವರು ಕೂಲಿಗೆ ಬಂದರೆ ಅವ್ವ ನೀರನ್ನು ಬೊಗಸೆಗೆ ಎತ್ತರದಿಂದ ಹೊಯ್ಯುತ್ತಿದ್ದಳು. ಅದನ್ನು ತಪ್ಪೆಂದು ನಾನು ಎಂದೂ ಅಂದುಕೊಂಡವನಲ್ಲ. ನನಗೆ ಬೇಕಾಗಿದ್ದದ್ದು ನನ್ನ ಸರದಿ ಮಾತ್ರ.

ಪಿಪೆಟ್ಟನ್ನು ಅವನ ಕೈಗೆ ಕೊಟ್ಟು, ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಅವನು ಹೀರಿದ, ಗೆರೆಗೆ ಇಳಿಸಿದ, ಅಂಕಿ ಹೇಳಿದ. ನಾನು ಬರೆದೆ. ಆಮೇಲೆ ಅವನು ಪಿಪೆಟ್ಟನ್ನು ತೊಳೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಇಡೀ ತರಗತಿ ಕೆಲಸ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿತ್ತು. ನನ್ನ ಕೈ ನೀರಿನ ಬಟ್ಟಲಿನ ಕಡೆಗೆ ತಾನಾಗಿಯೇ ಹೋಯಿತು. ಅವನು ಆಗಲೇ ತೊಳೆದಿದ್ದಾನೆ ಎಂದು ಕೈಗೆ ಗಟ್ಟಿಯಾಗಿ ಹೇಳಿಕೊಂಡು, ಅದನ್ನು ಹಿಂದಕ್ಕೆ ತಂದು, ಅವನು ಕೊಟ್ಟ ಹಾಗೇ ಬಾಯಿಗಿಟ್ಟು ಹೀರಿದೆ.